ಸೂಪರ್‌ಚಾರ್ಜರ್ ಹಾಕಿದ ಇಂಜಿನ್ ಬಾಳಿಕೆ ಬರಬೇಕಾದರೆ: ಬೂಸ್ಟ್ ಕೊನೆಗೆ, ಉಳಿದದ್ದೆಲ್ಲ ಮೊದಲು

ನನ್ನ ಮೇಜಿನ ಮೇಲೆ ಒಂದು ಹಳೇ ಪಿಸ್ಟನ್ ಇದೆ. ಮೇಲಿನ ಎರಡು ರಿಂಗ್‌ಗಳ ನಡುವಿನ ಅಂಚು ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಮುರಿದು ಹೋಗಿದೆ. ಮುರಿದ ಜಾಗ ಮುಟ್ಟಿದರೆ ಕೈಗೆ ತರಿತರಿಯಾಗಿ ಸಿಗುತ್ತದೆ. ಅದು ಬಂದ ಕಾರಿಗೆ ಸೂಪರ್‌ಚಾರ್ಜರ್, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಪಂಪ್, ಹಾಕಿತ್ತು. ಅದರ ಬೂಸ್ಟ್ (ಒತ್ತಿದ ಗಾಳಿಯ ಒತ್ತಡ) ಗೇಜ್ ಯಾವತ್ತೂ 7 ಪಿಎಸ್‌ಐ ದಾಟಿರಲಿಲ್ಲ. ಓಡಿಸುತ್ತಿದ್ದ ಗೆಳೆಯ ಎಚ್ಚರಿಕೆಯವನೇ. ಆದರೆ ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್‌ಗೆ ನೀರು ತಳ್ಳುವ ಪುಟ್ಟ ಪಂಪ್ ಯಾವಾಗಲೋ ನಿಂತು ಹೋಗಿತ್ತು. ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಗಾಳಿ ಕಾಯ್ತು, ನಾಕಿಂಗ್ (ಸಿಲಿಂಡರ್ ಒಳಗಿನ ಪೆಟ್ರೋಲ್-ಗಾಳಿ ಉರಿ ತಲುಪುವ ಮುನ್ನವೇ ತಾನಾಗಿ ಸಿಡಿಯುವುದು) ಶುರುವಾಯ್ತು, ಪಿಸ್ಟನ್ ಹೋಯ್ತು.

ಸೂಪರ್‌ಚಾರ್ಜರ್ ಕೆಲಸಕ್ಕೆ ಕೈ ಹಾಕುವವರಿಗೆಲ್ಲ ನಾನು ಆ ಪಿಸ್ಟನ್ ತೋರಿಸುತ್ತೇನೆ. ಇಂಜಿನ್ ಹಾಳಾಗುವುದು ಬಹಳ ಸಲ ಬೂಸ್ಟ್ ಜಾಸ್ತಿಯಾಗಿ ಅಲ್ಲ. ಬಿಸಿ ಜಾಸ್ತಿಯಾಗಿ, ಇಲ್ಲವೇ ಪೆಟ್ರೋಲ್ ಸಾಲದೆ. ಈ ಎರಡನ್ನು ಮೊದಲು ಕಟ್ಟಿ ಹಾಕಿ, ಬೂಸ್ಟ್ ಅನ್ನು ಕೊನೆಗೆ ಏರಿಸಿದರೆ ಅದೇ ಇಂಜಿನ್ ವರ್ಷಗಟ್ಟಲೆ ಓಡುತ್ತದೆ. ನಾನು ಯಾವ ಕ್ರಮದಲ್ಲಿ ಮಾಡುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ.

ಶುರು ಮಾಡುವ ಮೊದಲು: ಬೂಸ್ಟ್ ಗೇಜ್ ಓದುವುದು ಹೇಗೆ

ಬೂಸ್ಟ್ ಅಂದರೆ ಇಂಜಿನ್ ಒಳಗೆ ಹೋದ ಗಾಳಿಯ ಲೆಕ್ಕ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಅದು ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಷ್ಟೇ. ಸೂಪರ್‌ಚಾರ್ಜರ್ ತಳ್ಳಿದ ಗಾಳಿಯಲ್ಲಿ ಇಂಜಿನ್ ನುಂಗಲಾಗದೆ ಹಿಂದೆ ಒತ್ತಿಕೊಂಡು ನಿಂತದ್ದರ ಅಳತೆ. ಅದಕ್ಕೇ ಸಲೀಸಾಗಿ ಹೊಗೆ ಬಿಡುವ ಎಗ್ಸಾಸ್ಟ್ ಹಾಕಿದಾಗ ಎಷ್ಟೋ ಸಲ ಗೇಜ್‌ನಲ್ಲಿ ಬೂಸ್ಟ್ ಒಂದು ಪಿಎಸ್‌ಐ ಇಳಿಯುತ್ತದೆ, ಪವರ್ ಮಾತ್ರ ಏರುತ್ತದೆ. ಇದನ್ನು ನೋಡಿ ಗಾಬರಿಯಾಗಿ, ಸೂಪರ್‌ಚಾರ್ಜರ್ ಇನ್ನೂ ಜೋರಾಗಿ ತಿರುಗಲಿ ಅಂತ ಚಿಕ್ಕ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಹಾಕಿಬಿಡಬೇಡಿ.

ಒಂದು ಲೆಕ್ಕ ನೋಡಿ. ಹೊರಗಿನ ಗಾಳಿ 25 ಡಿಗ್ರಿ ಸೆಲ್ಸಿಯಸ್. ಅದನ್ನು ಸುಮಾರು 7 ಪಿಎಸ್‌ಐಗೆ, ಅಂದರೆ ಅರ್ಧ ಬಾರ್‌ಗೆ ಒತ್ತುತ್ತೀರಿ. ಸೂಪರ್‌ಚಾರ್ಜರ್‌ನ ದಕ್ಷತೆ ಶೇ 60 ಅಂತಿಟ್ಟುಕೊಂಡರೆ ಹೊರಬರುವ ಗಾಳಿ ಹತ್ತಿರ ಹತ್ತಿರ 86 ಡಿಗ್ರಿ ಇರುತ್ತದೆ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುತ್ತದಲ್ವಾ, ಅದೇ ಕಥೆ. ಆ ಬಿಸಿ ಗಾಳಿಯನ್ನು ಹಾಗೇ ಕೊಟ್ಟರೆ ಇಂಜಿನ್‌ಗೆ ಸಿಗುವ ಗಾಳಿ ಶೇ 24ರಷ್ಟು ಮಾತ್ರ ಹೆಚ್ಚು. ಇಂಟರ್‌ಕೂಲರ್‌ನಲ್ಲಿ 45 ಡಿಗ್ರಿಗೆ ಇಳಿಸಿ ಕೊಟ್ಟರೆ ಶೇ 40ರಷ್ಟು ಹೆಚ್ಚು. ಗೇಜ್ ಎರಡೂ ಸಲ ಒಂದೇ ಅಂಕಿ ತೋರಿಸುತ್ತದೆ! ಹಾಗಾಗಿ ನನ್ನ ಸಲಹೆ: ಬೂಸ್ಟ್ ಗೇಜ್ ಪಕ್ಕದಲ್ಲೇ ಇನ್‌ಟೇಕ್ ಗಾಳಿಯ ಉಷ್ಣತೆ ತೋರಿಸುವ ಗೇಜ್ ಒಂದು ಇರಲಿ. ನೀವು ಜಾಸ್ತಿ ನೋಡಬೇಕಾದದ್ದು ಅದನ್ನೇ.

ಇಂಜಿನ್ ಆರೋಗ್ಯ ಪರೀಕ್ಷೆ

ಒಂದೂ ಹೊಸ ಭಾಗ ಕೊಳ್ಳುವ ಮುನ್ನ ಈ ಕೆಲಸ ಮಾಡಿ. ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು. ಇಂಜಿನ್ ಬೆಚ್ಚಗಿರಲಿ, ಪ್ಲಗ್ ಎಲ್ಲ ಬಿಚ್ಚಿರಲಿ, ಪೆಟ್ರೋಲ್ ಮತ್ತು ಇಗ್ನಿಷನ್ ಬಂದ್ ಮಾಡಿರಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡಿ. ಬರುವ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ 10ಕ್ಕಿಂತ ಜಾಸ್ತಿ ಇದ್ದರೆ ಕಾರಣ ಹುಡುಕದೆ ಮುಂದೆ ಹೋಗಬೇಡಿ.

ಆಮೇಲೆ ಲೀಕ್‌ಡೌನ್ ಟೆಸ್ಟ್. ನನಗೆ ಇದರ ಮೇಲೆ ನಂಬಿಕೆ ಜಾಸ್ತಿ, ಯಾಕೆಂದರೆ ಇದು ಗಾಳಿ ಎಲ್ಲಿ ಸೋರುತ್ತಿದೆ ಅಂತಲೂ ಹೇಳುತ್ತದೆ. ಪಿಸ್ಟನ್ ಅನ್ನು ಕಂಪ್ರೆಷನ್ ಹೊಡೆತದ ತುದಿಗೆ ತಂದು ನಿಲ್ಲಿಸಿ, ಪ್ಲಗ್ ರಂಧ್ರದಿಂದ ಗಾಳಿ ಕೊಡಿ. ಈಗ ಸುಮ್ನೆ ಕಿವಿ ಕೊಡಿ. ಆಯಿಲ್ ಮುಚ್ಚಳದ ಕಡೆ ಸುಯ್ ಅಂದರೆ ರಿಂಗ್. ಸೈಲೆನ್ಸರ್ ಕಡೆ ಸದ್ದು ಬಂದರೆ ಎಗ್ಸಾಸ್ಟ್ ವಾಲ್ವ್. ಥ್ರಾಟಲ್ ಬಾಡಿ ಕಡೆ ಬಂದರೆ ಇನ್‌ಟೇಕ್ ವಾಲ್ವ್. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಎಲ್ಲೋ ಬಿರುಕು. ಸೋರಿಕೆ ಶೇ 10ರ ಒಳಗಿದ್ದರೆ ಇಂಜಿನ್ ಗಟ್ಟಿಯಾಗಿದೆ ಅಂತ ನಾನು ತೆಗೆದುಕೊಳ್ಳುತ್ತೇನೆ.

ಆಯಿಲ್ ಒತ್ತಡ, ರೇಡಿಯೇಟರ್, ಹೋಸ್, ಇಂಜಿನ್ ಮೌಂಟ್, ಕ್ಲಚ್ ಇವನ್ನೂ ಈಗಲೇ ನೋಡಿಬಿಡಿ. ಹಳೇ ಇಂಜಿನ್‌ನ ಸಣ್ಣ ಕಾಯಿಲೆ ಬೂಸ್ಟ್ ಕೊಟ್ಟ ದಿನ ದೊಡ್ಡದಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಎಷ್ಟು ಪವರ್ ಬೇಕು, ಮೊದಲು ತೀರ್ಮಾನಿಸಿ

ಕಾರ್ ಕಂಪನಿಗಳು ಏನು ಮಾಡಿವೆ ಅಂತ ನೋಡಿದರೆ ಗುರಿ ಹಾಕಿಕೊಳ್ಳುವುದು ಸುಲಭ. ಜನರಲ್ ಮೋಟರ್ಸ್‌ನ 3800 ಸೀರೀಸ್ 2 ವಿ6 ಇಂಜಿನ್ ಮಾಮೂಲಿ ರೂಪದಲ್ಲಿ 9.4:1 ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ ಎಂಬ ಅನುಪಾತ) ಇಟ್ಟುಕೊಂಡಿತ್ತು. ಅದಕ್ಕೇ ಸೂಪರ್‌ಚಾರ್ಜರ್ ಕೂರಿಸಿದಾಗ ಕಂಪನಿ ಅದನ್ನು 8.5:1ಕ್ಕೆ ಇಳಿಸಿತು. ಸಿಕ್ಕಿದ್ದು 240 ಎಚ್‌ಪಿ, ಜೊತೆಗೆ ತುಂಬಾ ಬಾಳಿಕೆ ಬರುವ ಇಂಜಿನ್ ಎಂಬ ಹೆಸರು. 2009ರ ಕಾರ್ವೆಟ್ ಝಡ್ಆರ್1ನ ಎಲ್ಎಸ್9 ಇಂಜಿನ್ 638 ಎಚ್‌ಪಿ ಕೊಡುತ್ತಿತ್ತು. ಅದರಲ್ಲಿ ಫೋರ್ಜ್ಡ್ (ಎರಕ ಹೊಯ್ಯದೆ, ಒತ್ತಿ ಗಟ್ಟಿ ಮಾಡಿದ) ಪಿಸ್ಟನ್, ಟೈಟಾನಿಯಂ ಕನೆಕ್ಟಿಂಗ್ ರಾಡ್, ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸುವ ವ್ಯವಸ್ಥೆ ಎಲ್ಲ ಇತ್ತು. ಅಷ್ಟಿದ್ದೂ ಕಂಪ್ರೆಷನ್ 9.1:1 ಮಾತ್ರ.

ನಿಮ್ಮ ಇಂಜಿನ್‌ನಲ್ಲಿ ಎರಕದ ಪಿಸ್ಟನ್ ಇದ್ದು, ಕಂಪ್ರೆಷನ್ 10:1 ಹತ್ತಿರ ಇದ್ದರೆ, ಒಳ್ಳೆ ಇಂಟರ್‌ಕೂಲರ್ ಮತ್ತು ಒಳ್ಳೆ ಪೆಟ್ರೋಲ್ ಇಟ್ಟುಕೊಂಡು 6-7 ಪಿಎಸ್‌ಐನಲ್ಲಿ ನಿಲ್ಲುವುದೇ ಜಾಣತನ. ಅಷ್ಟರಲ್ಲೇ ಮೂರನೇ ಒಂದು ಭಾಗದಷ್ಟು ಪವರ್ ಹೆಚ್ಚು ಸಿಗುವುದುಂಟು. ಇನ್ನೂ ಬೇಕು ಅನ್ನುವವರು ಇಂಜಿನ್ ಬಿಚ್ಚಲೇಬೇಕು. ಬಿಚ್ಚಿದರೆ ಫೋರ್ಜ್ಡ್ ಪಿಸ್ಟನ್ ಹಾಕಿ, ಹೆಡ್‌ಗೆ ಸ್ಟೀಲ್ ಪದರಗಳ ಗ್ಯಾಸ್ಕೆಟ್ ಹಾಕಿ, ರಿಂಗ್ ಗ್ಯಾಪ್ ಅನ್ನು ಪಿಸ್ಟನ್ ತಯಾರಕರ ಬೂಸ್ಟ್ ಚಾರ್ಟ್ ಪ್ರಕಾರ ದೊಡ್ಡದು ಮಾಡಿ. ಗ್ಯಾಪ್ ಸಾಲದಿದ್ದರೆ ಬಿಸಿಗೆ ಹಿಗ್ಗಿದ ರಿಂಗ್‌ನ ಎರಡು ತುದಿ ಒಂದಕ್ಕೊಂದು ತಾಗುತ್ತವೆ. ಆಮೇಲೆ ಅದಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಪಿಸ್ಟನ್ ಅಂಚನ್ನೇ ಕಿತ್ತು ಹಾಕುತ್ತದೆ.

ಯಾವ ಥರದ ಸೂಪರ್‌ಚಾರ್ಜರ್

ಇದರ ಬಗ್ಗೆ ವಾದ ಮುಗಿಯುವುದೇ ಇಲ್ಲ, ನಾನು ಚಿಕ್ಕದಾಗಿ ಹೇಳುತ್ತೇನೆ. ರೂಟ್ಸ್ ಥರದ್ದು 1860ರಷ್ಟು ಹಳೇ ಪೇಟೆಂಟ್. ಕಡಿಮೆ ಆರ್‌ಪಿಎಂನಲ್ಲೇ ಬೂಸ್ಟ್ ಕೊಡುತ್ತದೆ, ಆದರೆ ಬೂಸ್ಟ್ ಏರಿಸಿದಂತೆ ಗಾಳಿಯನ್ನು ಜಾಸ್ತಿ ಕಾಯಿಸುತ್ತದೆ. ಟ್ವಿನ್ ಸ್ಕ್ರೂ ಥರದ್ದು ಗಾಳಿಯನ್ನು ತನ್ನೊಳಗೇ ಒತ್ತಿ ಕಳಿಸುವುದರಿಂದ ಹೆಚ್ಚು ಬೂಸ್ಟ್‌ನಲ್ಲಿ ಸ್ವಲ್ಪ ತಂಪು. ಸೆಂಟ್ರಿಫ್ಯೂಗಲ್ ಥರದ್ದು ಆರ್‌ಪಿಎಂ ಏರಿದ ಹಾಗೆ ಬೂಸ್ಟ್ ಏರಿಸುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಇಂಜಿನ್ ಮೇಲೆ ಭಾರ ಬೀಳದ ಕಾರಣ ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವ) ಇಂಜಿನ್‌ಗೆ ಅದು ಮೃದು. ದಿನಾ ಓಡಿಸುವ ಕಾರಿಗೆ ಯಾವುದಾದರೂ ಸರಿ. ಅದನ್ನು ಅದರ ಮಿತಿಯೊಳಗೆ ತಿರುಗಿಸಬೇಕು, ಅಷ್ಟೇ.

ಪುಲ್ಲಿ ಲೆಕ್ಕ ಮತ್ತು ಬೆಲ್ಟ್

ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಸೂಪರ್‌ಚಾರ್ಜರ್ ಪುಲ್ಲಿ 75 ಮಿ.ಮೀ. ಇದ್ದರೆ ಅನುಪಾತ 2. ಇಂಜಿನ್ 6500 ಆರ್‌ಪಿಎಂನಲ್ಲಿ ಇದ್ದಾಗ ಸೂಪರ್‌ಚಾರ್ಜರ್ 13000ದಲ್ಲಿ ತಿರುಗುತ್ತದೆ. ತಯಾರಕರು ಹೇಳಿದ ಮಿತಿ 14000 ಅಂತಿಟ್ಟುಕೊಳ್ಳಿ. 70 ಮಿ.ಮೀ. ಪುಲ್ಲಿ ಹಾಕಿದರೆ 13929, ಆಗಲೇ ಅಂಚಿಗೆ ಬಂದಿರಿ. 65 ಮಿ.ಮೀ. ಹಾಕಿದರೆ 15000. ಬರೀ 5 ಮಿ.ಮೀ. ವ್ಯತ್ಯಾಸ, ಆದರೆ ಮಿತಿ ದಾಟಿ ಹೋಯಿತು. ಅಲ್ಲಿಂದ ಮುಂದೆ ಸಿಗುವುದರಲ್ಲಿ ಗಾಳಿಗಿಂತ ಬಿಸಿಯೇ ಜಾಸ್ತಿ. ಬೇರಿಂಗ್ ಆಯಸ್ಸೂ ಕಮ್ಮಿ.

ಬೆಲ್ಟ್ ಜಾರುತ್ತಿದೆಯೇ ಅಂತ ತಿಳಿಯುವುದು ಸುಲಭ. ರೂಟ್ಸ್ ಅಥವಾ ಸ್ಕ್ರೂ ಥರದ್ದರಲ್ಲಿ 4000ದವರೆಗೆ ಬೂಸ್ಟ್ ಸರಿಯಾಗಿ ನಿಂತು ಆಮೇಲೆ ಕುಸಿದರೆ ಮೊದಲ ಅನುಮಾನ ಬೆಲ್ಟ್ ಮೇಲೆ. ಬಾನೆಟ್ ಎತ್ತಿ ಪುಲ್ಲಿಯ ಸುತ್ತ ಬೆರಳಾಡಿಸಿ. ಕಪ್ಪು ರಬ್ಬರ್ ಪುಡಿ ಅಂಟಿದರೆ ಅನುಮಾನ ನಿಜ. ಆಗ ಬೆಲ್ಟ್ ಅನ್ನು ಇನ್ನಷ್ಟು ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಅತಿಯಾಗಿ ಬಿಗಿದರೆ ಭಾರ ಸೂಪರ್‌ಚಾರ್ಜರ್ ಬೇರಿಂಗ್ ಮೇಲೆ, ಕ್ರ್ಯಾಂಕ್‌ನ ಮುಂದಿನ ಬೇರಿಂಗ್ ಮೇಲೆ ಬೀಳುತ್ತದೆ. ಅದರ ಬದಲು ಬೆಲ್ಟ್ ಪುಲ್ಲಿಯನ್ನು ಇನ್ನೂ ಹೆಚ್ಚು ಸುತ್ತಿಕೊಳ್ಳುವ ಹಾಗೆ ಒಂದು ಐಡ್ಲರ್ (ಬೆಲ್ಟ್‌ಗೆ ದಾರಿ ತೋರಿಸುವ ಬರೀ ಪುಲ್ಲಿ) ಸೇರಿಸಿ. ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಅಂತ ನೇರವಾದ ಪಟ್ಟಿ ಇಟ್ಟು ನೋಡಿ. ಎಷ್ಟೋ ಕಾರಿನಲ್ಲಿ ವಾಟರ್ ಪಂಪ್ ಮತ್ತು ಆಲ್ಟರ್ನೇಟರ್ ಕೂಡ ಅದೇ ಬೆಲ್ಟ್ ಮೇಲೆ ಓಡುತ್ತವೆ. ಬೆಲ್ಟ್ ಹರಿದರೆ ಬೂಸ್ಟ್ ಜೊತೆಗೆ ಕೂಲಿಂಗೂ ಹೋಗುತ್ತದೆ. ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟ್ ಇಟ್ಟುಕೊಳ್ಳಿ.

ಪೆಟ್ರೋಲ್ ಸಾಲುತ್ತದೆಯೇ

ಬೂಸ್ಟ್ ಇಂಜಿನ್‌ನಲ್ಲಿ ಒಂದೊಂದು ಎಚ್‌ಪಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಬೇಕು ಅನ್ನುವುದು ನಾನು ಬಳಸುವ ಅಂದಾಜು. ಗುರಿ 220 ಎಚ್‌ಪಿ ಅಂದರೆ ಒಟ್ಟು 1386 ಸಿಸಿ. ನಾಲ್ಕು ಸಿಲಿಂಡರ್‌ಗೆ ಹಂಚಿದರೆ ತಲಾ 346. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಅವುಗಳ ಪೂರ್ತಿ ಸಾಮರ್ಥ್ಯದ ಶೇ 80ಕ್ಕಿಂತ ಹೆಚ್ಚು ದುಡಿಸಬಾರದು, ಹಾಗಾಗಿ 346 ಅನ್ನು 0.8ರಿಂದ ಭಾಗಿಸಿ. 433 ಬರುತ್ತದೆ. ಅಂದರೆ 440 ಸಿಸಿ ಇಂಜೆಕ್ಟರ್ ಬೇಕು. ನಿಮ್ಮ ಗುರಿ ಹಾಕಿ ನೀವೇ ಲೆಕ್ಕ ಮಾಡಿ ನೋಡಿ, ಕಿಟ್ ಮಾರುವವರು ಹೇಳಿದ್ದು ಸರಿಯೇ ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇಂಜೆಕ್ಟರ್‌ನ ಮೂತಿ ಮ್ಯಾನಿಫೋಲ್ಡ್ ಒಳಗೆ ಇರುತ್ತದೆ. ಹಿಂದಿನಿಂದ 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಬರುತ್ತಿದ್ದರೆ, ಮುಂದಿನಿಂದ ಅರ್ಧ ಬಾರ್ ಬೂಸ್ಟ್ ಅದನ್ನು ವಾಪಸ್ ತಳ್ಳುತ್ತಿರುತ್ತದೆ. ಉಳಿಯುವುದು 2.5 ಬಾರ್. ಪೆಟ್ರೋಲ್ ಹರಿವು ಸುಮಾರು ಶೇ 9ರಷ್ಟು ಕಡಿಮೆಯಾಯಿತು, ಅದೂ ಹೆಚ್ಚು ಬೇಕಾದ ಹೊತ್ತಿನಲ್ಲೇ! ಇದಕ್ಕೆ ಮದ್ದು, ಮ್ಯಾನಿಫೋಲ್ಡ್‌ಗೆ ಒಂದು ಸಣ್ಣ ಹೋಸ್‌ನಿಂದ ಜೋಡಿಸಿದ ಪ್ರೆಷರ್ ರೆಗ್ಯುಲೇಟರ್. ಬೂಸ್ಟ್ ಏರಿದಷ್ಟೇ ಅದು ಪೆಟ್ರೋಲ್ ಒತ್ತಡವನ್ನೂ ಏರಿಸುತ್ತದೆ. ಆ ಹೋಸ್ ಕಳಚಿಕೊಳ್ಳದ ಹಾಗೆ ಕ್ಲಿಪ್ ಹಾಕಿ.

ಪಂಪ್ ವಿಚಾರದಲ್ಲಿ, ದೊಡ್ಡ ಪಂಪ್ ಹಾಕಿ ಹಳೇ ಸಣ್ಣ ವೈರ್ ಉಳಿಸಿಕೊಂಡರೆ ಪ್ರಯೋಜನವಿಲ್ಲ. ಪಂಪ್‌ನ ಕನೆಕ್ಟರ್‌ನಲ್ಲೇ ಮೀಟರ್ ಇಟ್ಟು ವೋಲ್ಟೇಜ್ ನೋಡಿ. ಅಲ್ಲಿ ವೋಲ್ಟೇಜ್ ಕುಸಿದಿದ್ದರೆ ದಪ್ಪ ವೈರ್ ಮತ್ತು ರಿಲೇ ಹಾಕಿ.

ಬಿಸಿಯನ್ನು ಹೊರಗೆ ಹಾಕುವುದು

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಇಲ್ಲಿ. ದುಡ್ಡು ಉಳಿಸಬೇಕಾದರೆ ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಗಾಳಿಯಿಂದ ತಣ್ಣಗಾಗುವ ಇಂಟರ್‌ಕೂಲರ್‌ನಲ್ಲಿ ಕೆಡುವಂಥದ್ದು ಕಡಿಮೆ. ಪೈಪ್ ಬಿಟ್ಟುಕೊಳ್ಳದಿದ್ದರೆ ಸಾಕು. ನೀರಿನಿಂದ ತಣ್ಣಗಾಗುವುದು ಚಿಕ್ಕ ಜಾಗದಲ್ಲಿ ಕೂರುತ್ತದೆ, ರೂಟ್ಸ್ ಥರದ್ದಕ್ಕೆ ಬಹುಮಟ್ಟಿಗೆ ಅದೇ ಗತಿ. ಆದರೆ ಅದರಲ್ಲಿ ಪಂಪ್ ಇದೆ, ಮುಂದೊಂದು ರೇಡಿಯೇಟರ್ ಇದೆ, ಹೋಸ್ ಇದೆ, ನೀರಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ನೀರು ತುಂಬಿದ ಮೇಲೆ ಪಂಪ್ ಓಡಿಸಿ, ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ನೀರು ಜುಳುಜುಳು ಅಂತ ಸುತ್ತುತ್ತಿರುವುದು ಕಣ್ಣಿಗೆ ಕಾಣಬೇಕು. ಪಂಪ್ ಗುಂಯ್ ಅನ್ನುತ್ತಿದ್ದು ನೀರು ಅಲ್ಲಾಡದೆ ನಿಂತಿದ್ದರೆ ಒಳಗೆ ಗಾಳಿ ಸಿಕ್ಕಿದೆ ಅಂತ ಅರ್ಥ. ಎತ್ತರದ ಜಾಗದಿಂದ ಗಾಳಿ ಬಿಡಿಸುವ ತನಕ ಕಾರ್ ಹೊರಗೆ ತೆಗೆಯಬೇಡಿ. ಈ ಎರಡು ನಿಮಿಷದ ಕೆಲಸವನ್ನು ಅಂದು ನಾವು ಮಾಡಿದ್ದರೆ ಮೇಜಿನ ಮೇಲಿನ ಪಿಸ್ಟನ್ ಇವತ್ತೂ ಇಂಜಿನ್ ಒಳಗೇ ಇರುತ್ತಿತ್ತು.

ಇಂಟರ್‌ಕೂಲರ್ ಸಾಕಷ್ಟಿದೆಯೇ ಅಂತ ತಿಳಿಯಲು ಒಂದೇ ಎಳೆತ ನೋಡಿದರೆ ಸಾಲದು. ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಒಂದರ ಹಿಂದೊಂದು ಮೂರು ಸಲ ಪೂರ್ತಿ ಆಕ್ಸಿಲರೇಟರ್ ಒತ್ತಿ. ಮೂರೂ ಸಲ ಇನ್‌ಟೇಕ್ ಉಷ್ಣತೆ ಬರೆದುಕೊಳ್ಳಿ. ಎರಡನೆಯದು, ಮೂರನೆಯದು ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಪ್ರತಿ ಸಲ ಹತ್ತು ಹನ್ನೆರಡು ಡಿಗ್ರಿ ಮೇಲೇರುತ್ತಲೇ ಇದ್ದರೆ ಮುಂದಿನ ರೇಡಿಯೇಟರ್ ಚಿಕ್ಕದು, ಇಲ್ಲವೇ ಪಂಪ್ ಸಾಲದು. ಉಷ್ಣತೆ ಏರಿದಾಗ ಇಗ್ನಿಷನ್ ಟೈಮಿಂಗ್ ತಾನಾಗಿ ಹಿಂದೆ ಸರಿಯುವ, ಅಂದರೆ ಕಿಡಿ ಸ್ವಲ್ಪ ತಡವಾಗಿ ಹಾರುವ ಹಾಗೆ ಇಸಿಯುನಲ್ಲಿ (ಇಂಜಿನ್ ನಡೆಸುವ ಕಂಪ್ಯೂಟರ್) ವ್ಯವಸ್ಥೆ ಇರಲೇಬೇಕು. ಪವರ್ ಕಮ್ಮಿಯಾಗುತ್ತದೆ, ಇಂಜಿನ್ ಉಳಿಯುತ್ತದೆ.

ಸೂಪರ್‌ಚಾರ್ಜರ್ ಒಳಗೆಳೆದುಕೊಳ್ಳುವ ಗಾಳಿಯೂ ತಂಪಾಗಿರಬೇಕು. ಫಿಲ್ಟರ್ ಅನ್ನು ಇಂಜಿನ್ ಪಕ್ಕದ ಬಿಸಿಯಲ್ಲಿ ನೇತುಹಾಕುವ ಬದಲು ಹೊರಗಿನ ಗಾಳಿ ಬರುವ ಕಡೆ ಒಯ್ಯಿರಿ. ರೂಟ್ಸ್ ಮತ್ತು ಸ್ಕ್ರೂ ಥರದ್ದರಲ್ಲಿ ಬೂಸ್ಟ್ ಬೇಡದಾಗ ಗಾಳಿಯನ್ನು ವಾಪಸ್ ಬಿಡುವ ಬೈಪಾಸ್ ವಾಲ್ವ್ ಸರಿಯಾಗಿ ತೆರೆಯುತ್ತಿದೆಯೇ ನೋಡಿ. ಅದು ಕಚ್ಚಿಕೊಂಡರೆ ನಿಧಾನವಾಗಿ ಹೋಗುವಾಗಲೂ ಸೂಪರ್‌ಚಾರ್ಜರ್ ಸುಮ್ಮನೆ ಗಾಳಿ ಒತ್ತುತ್ತಾ ಕಾಯುತ್ತಿರುತ್ತದೆ.

ಪ್ಲಗ್

ಒಂದು ಹೆಜ್ಜೆ ತಂಪಾದ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ, ಪ್ಲಗ್ ಹಾಕಿ. ಅಂಕಿ ನೋಡುವಾಗ ಎಚ್ಚರ: ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟು ತಂಪು, ಬಾಷ್‌ನಲ್ಲಿ ಅಂಕಿ ಚಿಕ್ಕದಾದಷ್ಟು ತಂಪು. ಗ್ಯಾಪ್ 0.7 ರಿಂದ 0.8 ಮಿ.ಮೀ. ಇರಲಿ. ಬೂಸ್ಟ್‌ನಲ್ಲಿ ಒತ್ತಡ ಜಾಸ್ತಿ ಇರುವುದರಿಂದ ದೊಡ್ಡ ಗ್ಯಾಪ್ ದಾಟಲು ಕಿಡಿಗೆ ಕಷ್ಟ.

ಕ್ರ್ಯಾಂಕ್‌ಕೇಸ್ ಗಾಳಿ

ಇಂಜಿನ್ ಹೊಟ್ಟೆಯ (ಕ್ರ್ಯಾಂಕ್‌ಕೇಸ್) ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಮ್ಯಾನಿಫೋಲ್ಡ್‌ಗೆ ಸೇರಿರುತ್ತದೆ. ಬೂಸ್ಟ್ ಬಂದಾಗ ಆ ದಾರಿಯಲ್ಲಿ ಒತ್ತಡ ಇಂಜಿನ್ ಹೊಟ್ಟೆಗೆ ನುಗ್ಗಿ ಸೀಲ್‌ಗಳನ್ನು ಹೊರದಬ್ಬಬಹುದು. ಒಂದೇ ಕಡೆ ಬಿಡುವ ಗಟ್ಟಿ ಚೆಕ್ ವಾಲ್ವ್ ಹಾಕಿ, ಜೊತೆಗೆ ಆಯಿಲ್ ಆವಿ ಹಿಡಿದಿಡುವ ಡಬ್ಬಿ, ಕ್ಯಾಚ್ ಕ್ಯಾನ್, ಒಂದಿರಲಿ. ಆಯಿಲ್ ಆವಿ ಇನ್‌ಟೇಕ್‌ಗೆ ಹೋದರೆ ಪೆಟ್ರೋಲ್‌ನ ನಾಕಿಂಗ್ ತಡೆಯುವ ಶಕ್ತಿ ಕಡಿಮೆಯಾಗುತ್ತದೆ.

ಟ್ಯೂನಿಂಗ್

ಮೊದಲು ಸೆನ್ಸರ್. ಸ್ಟಾಕ್ ಒತ್ತಡ ಸೆನ್ಸರ್ 1 ಬಾರ್‌ನದಾಗಿದ್ದರೆ ಅದಕ್ಕೆ ಬೂಸ್ಟ್ ಕಾಣುವುದೇ ಇಲ್ಲ. ಹೊರಗಿನ ಗಾಳಿಯೇ ಒಂದು ಬಾರ್, ಅಲ್ಲಿಗೆ ಅದರ ಅಳತೆ ಮುಗಿಯಿತು. 2 ಅಥವಾ 2.5 ಬಾರ್‌ನದು ಹಾಕಿ, ಇಸಿಯುಗೆ ಅದರ ಅಳತೆ ತಿಳಿಸಿ. ಗಾಳಿ ಹರಿವು ಅಳೆಯುವ ಸೆನ್ಸರ್ ಇದ್ದರೆ ಅದು 5 ವೋಲ್ಟ್ ತಲುಪಿ ನಿಂತುಬಿಡುತ್ತದೆಯೇ ಅಂತ ಲಾಗ್‌ನಲ್ಲಿ ನೋಡಿ.

ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳುವುದು) ಇಲ್ಲದೆ ಟ್ಯೂನ್ ಮಾಡುವವರ ಹತ್ತಿರ ಕಾರ್ ಬಿಡಬೇಡಿ. ಪೂರ್ತಿ ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.5 ರಿಂದ 12ರ ನಡುವೆ ಇರಲಿ. ಮಾಮೂಲಿ ಓಟದಲ್ಲಿ ಅದು 14.7. ಒಂದು ಮೋಸ ಇದೆ, ನೆನಪಿಡಿ. ಕಿಡಿ ತಪ್ಪಿದರೆ ಉರಿಯದ ಆಮ್ಲಜನಕ ಸೆನ್ಸರ್‌ಗೆ ತಾಗಿ, ಪೆಟ್ರೋಲ್ ಕಡಿಮೆ ಇದೆ ಅಂತ ಅದು ತೋರಿಸುತ್ತದೆ. ಅದನ್ನು ನಂಬಿ ಪೆಟ್ರೋಲ್ ಏರಿಸುತ್ತಾ ಹೋದರೆ ಕಿಡಿ ಇನ್ನೂ ತಪ್ಪುತ್ತದೆ. ಅಂಕಿ ಇದ್ದಕ್ಕಿದ್ದಂತೆ ಕುಣಿದರೆ ಮೊದಲು ಪ್ಲಗ್ ಮತ್ತು ಕಾಯಿಲ್ ನೋಡಿ.

ಟೈಮಿಂಗ್ ವಿಷಯದಲ್ಲಿ ನಾನು ಹೆದರಿಕೆಯ ಮನುಷ್ಯ, ಅದು ಒಳ್ಳೆಯದೇ ಅಂತಲೂ ನಂಬಿದ್ದೇನೆ. ಒಂದು ಪಿಎಸ್‌ಐ ಬೂಸ್ಟ್‌ಗೆ ಒಂದು ಡಿಗ್ರಿ ಟೈಮಿಂಗ್ ಹಿಂದೆ ತೆಗೆಯುವುದು ಶುರುವಿಗೆ ಒಳ್ಳೆ ಅಂದಾಜು. ದೊಡ್ಡ ಪುಲ್ಲಿಯಿಂದ, ಕಡಿಮೆ ಬೂಸ್ಟ್‌ನಿಂದ ಆರಂಭಿಸಿ. ಒಂದೊಂದೇ ಡಿಗ್ರಿ ಮುಂದೆ ತನ್ನಿ. ಟಾರ್ಕ್ ಏರುವುದು ನಿಂತರೆ ಅಲ್ಲೇ ನಿಲ್ಲಿ. ಅದಕ್ಕೂ ಮೊದಲೇ ನಾಕ್ ಸುಳಿವು ಸಿಕ್ಕರೆ ಎರಡು ಡಿಗ್ರಿ ವಾಪಸ್ ಹೋಗಿ. ಟ್ಯೂನ್ ಮಾಡಿದ ದಿನ ತಂಪಿರಬಹುದು, ಪೆಟ್ರೋಲ್ ಒಳ್ಳೆಯದಿರಬಹುದು. ಬೇಸಿಗೆಯ ಮಧ್ಯಾಹ್ನ, ಏರುದಾರಿಯಲ್ಲಿ, ಸಾಧಾರಣ ಪೆಟ್ರೋಲ್ ಹಾಕಿಕೊಂಡು ಹೋಗುವಾಗ ಆ ಎರಡು ಡಿಗ್ರಿ ಬೇಕಾಗುತ್ತದೆ.

ಡೈನೋ ಶೀಟಿನ ದೊಡ್ಡ ಅಂಕಿಗಿಂತ ಲಾಗ್ ಫೈಲ್ ಕೇಳಿ ಪಡೆಯಿರಿ. ಅದರಲ್ಲಿ ಆರ್‌ಪಿಎಂ, ಬೂಸ್ಟ್, ಅನುಪಾತ, ಇನ್‌ಟೇಕ್ ಉಷ್ಣತೆ, ನಾಕ್‌ನಿಂದ ಹಿಂದೆ ಸರಿದ ಟೈಮಿಂಗ್, ಇಂಜೆಕ್ಟರ್ ದುಡಿಮೆ, ಪೆಟ್ರೋಲ್ ಒತ್ತಡ ಇಷ್ಟೂ ಇರಬೇಕು.

ಮೊದಲ ಸಾವಿರ ಕಿಲೋಮೀಟರ್

ಮೊದಲ ವಾರ ದಿನಾ ಬಾನೆಟ್ ಎತ್ತಿ. ಹೋಸ್ ಕ್ಲಿಪ್, ಬ್ರಾಕೆಟ್ ಬೋಲ್ಟ್, ಬೆಲ್ಟ್, ಇಂಟರ್‌ಕೂಲರ್ ನೀರಿನ ಮಟ್ಟ ನೋಡಿ. ಹೊಸ ಬ್ರಾಕೆಟ್ ಬಿಸಿಗೆ ಹಿಗ್ಗಿ ಕುಗ್ಗಿ ಕೂತ ಮೇಲೆ ಬೋಲ್ಟ್ ಸಡಿಲ ಆಗುವುದು ಸಹಜ, ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿ ಮಾಡಿ. ಇಂಜಿನ್ ಆಯಿಲ್ ಅನ್ನು ಮೊದಲಿಗಿಂತ ಬೇಗ ಬದಲಿಸಿ. ಸೂಪರ್‌ಚಾರ್ಜರ್‌ಗೆ ಅದರದ್ದೇ ಆಯಿಲ್ ಇದ್ದರೆ ಅದರ ಗಡುವು ಬೇರೆ, ಮರೆಯಬೇಡಿ. ಆಯಿಲ್ ಬೆಚ್ಚಗಾಗುವ ತನಕ ಬೂಸ್ಟ್ ಕೇಳಬೇಡಿ. ನೀರಿನ ಗೇಜ್ ಸರಿಯಾದ ಜಾಗಕ್ಕೆ ಬಂದ ಮೇಲೂ ಆಯಿಲ್ ಬೆಚ್ಚಗಾಗಲು ಇನ್ನೂ ಕೆಲವು ನಿಮಿಷ ಹಿಡಿಯುತ್ತದೆ.

ಸಾವಿರ ಕಿಲೋಮೀಟರ್ ಆದಾಗ ಪ್ಲಗ್ ಬಿಚ್ಚಿ, ಒಳ್ಳೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಬಿಳಿ ಪಿಂಗಾಣಿಯನ್ನು ನೋಡಿ. ತಿಳಿ ಕಂದು ಬಣ್ಣ ಇದ್ದರೆ ನೆಮ್ಮದಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ ಇದ್ದರೆ ನಾಕಿಂಗ್ ಶುರುವಾಗಿದೆ, ಟೈಮಿಂಗ್ ಹಿಂದೆ ತೆಗೆಸಿ. ಸೂಜಿಮೊನೆಯಷ್ಟು ಬೆಳ್ಳಿ ಚುಕ್ಕಿಗಳು ಹೊಳೆದರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಇಂಜಿನ್ ಸ್ಟಾರ್ಟ್ ಮಾಡಬೇಡಿ. ಪ್ಲಗ್‌ಗಳನ್ನು ಯಾವುದು ಯಾವ ಸಿಲಿಂಡರ್‌ನದು ಅಂತ ಗುರುತು ಹಾಕಿ ಸಾಲಾಗಿ ಇಡಿ, ಆ ಸಿಲಿಂಡರ್‌ನ ಇಂಜೆಕ್ಟರ್ ಬಿಚ್ಚಿ ಹರಿವು ಪರೀಕ್ಷೆಗೆ ಕಳಿಸಿ, ಮತ್ತೆ ಲೀಕ್‌ಡೌನ್ ಟೆಸ್ಟ್‌ನಿಂದ ಶುರು ಮಾಡಿ.